ಪುಕ್ಕಟೆ ಆಟದ ಲೆಕ್ಕಪತ್ರ

ಕನ್ನಡ ಪತ್ರಿಕೆಗಳಲ್ಲಿ ಮೊಬೈಲ್ ಗೇಮ್‌ಗಳ ಸುದ್ದಿ ಬರುವ ಜಾಗ ಹೆಚ್ಚೂಕಡಿಮೆ ಮೂರೇ: ಅಪರಾಧ ವಾರ್ತೆಯ ಪುಟ, ನ್ಯಾಯಾಲಯದ ವರದಿ, ಮನೋವೈದ್ಯರ ಅಂಕಣ. ಸಾಲ ಮಾಡಿ ಆಡಿದವನು ಊರು ಬಿಟ್ಟ ಸುದ್ದಿ ಮೊದಲನೆಯದರಲ್ಲಿ, ನಿಷೇಧದ ಸುದ್ದಿ ಎರಡನೆಯದರಲ್ಲಿ, ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂಬ ಬುದ್ಧಿಮಾತು ಮೂರನೆಯದರಲ್ಲಿ. ಶುಕ್ರವಾರ ತೆರೆಗೆ ಬಂದ ಸಿನಿಮಾದ ಕತೆ, ಹಾಡು, ಛಾಯಾಗ್ರಹಣ ಎಲ್ಲವನ್ನೂ ತೂಗಿ ನೋಡಿ ನಕ್ಷತ್ರ ಹಾಕುವ ಪತ್ರಿಕೆ, ಅದೇ ಓದುಗ ದಿನವೂ ಕೈಯಲ್ಲಿ ಹಿಡಿದು ಕೂರುವ ಆಟದ ಗುಣ ದೋಷದ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ. ಆಟವೆಂದರೆ ಒಂದೋ ಚಟ, ಇಲ್ಲವೇ ಜೂಜು. ವಿಮರ್ಶೆಗೆ ಅರ್ಹವಾದ ವಸ್ತುವಲ್ಲ ಎಂದು ತೀರ್ಮಾನವಾಗಿ ಹೋಗಿದೆ.

ಪತ್ರಿಕೆ ಬಿಟ್ಟ ಜಾಗವನ್ನು ಜಾಹೀರಾತು ಹಿಡಿದಿದೆ. ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಬಿಟ್ಟಾಗ ಕಂಪನಿ ಬಸ್ ಹತ್ತುವವರಲ್ಲಿ ನಂಜನಗೂಡು, ತಿ. ನರಸೀಪುರದ ಸುತ್ತಿನ ಹಳ್ಳಿಗಳ ಹುಡುಗ ಹುಡುಗಿಯರೂ ಇರುತ್ತಾರೆ. ಸೀಟು ಸಿಕ್ಕಿದೊಡನೆ ಕೈ ಹೋಗುವುದು ಫೋನಿಗೆ. ಒಬ್ಬ ಮಿಠಾಯಿ ಜೋಡಿಸುತ್ತಾನೆ, ಇನ್ನೊಬ್ಬಳು ಲೂಡೋ ಆಡುತ್ತಾಳೆ, ಹಿಂದಿನ ಸೀಟಿನಲ್ಲಿ ನಾಲ್ವರು ಸೇರಿ ಗುಂಡು ಹಾರಿಸುವ ಆಟ ಶುರು ಮಾಡುತ್ತಾರೆ. ಈ ಆಟ ನಿಮಗೆ ಯಾರು ಹೇಳಿದರು ಎಂದು ಕೇಳಿದರೆ ಬರುವ ಉತ್ತರ ಎರಡೇ: ‘ಫ್ರೆಂಡ್ ಹೇಳ್ದ’, ‘ರೀಲ್ಸ್ ನೋಡ್ತಿರುವಾಗ ಬಂತು’. ಅಂದಹಾಗೆ ಈ ಸೀಮೆ ಇಂಥ ಯಂತ್ರದ ಒಡಲನ್ನೂ ಬಲ್ಲದ್ದು. ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಿಂದ ನಂಜನಗೂಡಿನಲ್ಲಿ ಎಲೆಕ್ಟ್ರಾನಿಕ್ ಸಾಧನಗಳಿಗೆ ಬೇಕಾದ ಸರ್ಕ್ಯೂಟ್ ಬೋರ್ಡ್‌ಗಳನ್ನು ತಯಾರಿಸುತ್ತಿದೆ. ಯಂತ್ರದ ಒಳಗನ್ನು ಕಟ್ಟುವ ಊರಿಗೆ, ಅದರ ತೆರೆಯ ಮೇಲೆ ಏನನ್ನು ಆಡಬೇಕೆಂದು ಹೇಳುವವರು ಮಾತ್ರ ಇಲ್ಲ.

‘ಒಂದು ಒಳ್ಳೆ ಗೇಮ್ ಇದ್ರೆ ಹೇಳಿ’ ಎಂಬುದು ನ್ಯಾಯವಾದ ಕೇಳಿಕೆ. ಅದಕ್ಕೆ ಅಂತರ್ಜಾಲದಲ್ಲಿ ಸಿಗುವ ‘ಟಾಪ್ ಹತ್ತು’ ಪಟ್ಟಿ ಉತ್ತರವಾಗದು. ‘ಆಡಲೇಬೇಡಿ’ ಎಂಬ ಗದರಿಕೆಯೂ ಆಗದು. ಪಟ್ಟಿ ಮಾಡುವವರು ಚಿತ್ರ ಚೆನ್ನಾಗಿದೆಯೇ, ಸದ್ದು ಚೆನ್ನಾಗಿದೆಯೇ, ಎಷ್ಟು ಕೋಟಿ ಜನ ಇಳಿಸಿಕೊಂಡಿದ್ದಾರೆ ಎಂದು ನೋಡುತ್ತಾರೆ. ಆದರೆ ಫೋನಿನ ಆಟಕ್ಕೆ ಹಾಕಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ. ಈ ಆಟ ಮಾಡಿದವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಉಳಿದ ಗುಣಗಳೆಲ್ಲ ಈ ಒಂದು ಉತ್ತರಕ್ಕೆ ತಕ್ಕಂತೆ ಬಾಗುತ್ತವೆ. ಆಟ ಎಷ್ಟು ಹೊತ್ತು ನಡೆಯಬೇಕು, ಎಲ್ಲಿ ಕಷ್ಟವಾಗಬೇಕು, ಮುಗಿಯಬೇಕೋ ಮುಗಿಯಬಾರದೋ ಎಂಬುದನ್ನೆಲ್ಲ ನಿರ್ಧರಿಸುವುದು ಆ ಆದಾಯದ ದಾರಿ.

ಕಾನೂನು ಕೂಡ ಈ ಪ್ರಶ್ನೆಗೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಆಟ ಜಾಣ್ಮೆಯದ್ದೋ ಅದೃಷ್ಟದ್ದೋ ಎಂಬುದೇ ದಶಕಗಳ ಕಾಲ ನ್ಯಾಯಾಲಯಗಳ ಚರ್ಚೆಯಾಗಿತ್ತು. ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಆನ್‌ಲೈನ್ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಕಂಪನಿಗಳೆಲ್ಲ ನಿಂತದ್ದು ಅದೇ ಬುನಾದಿಯ ಮೇಲೆ. ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು 2021ರ ಅಕ್ಟೋಬರ್ 5ರಿಂದ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಜಾಣ್ಮೆಯ ಆಟವನ್ನೂ ಜೂಜಿನ ಜೊತೆ ಒಂದೇ ಗಂಟಿಗೆ ಕಟ್ಟುವಂತಿಲ್ಲ ಎಂಬುದು ಆ ತೀರ್ಪಿನ ತಿರುಳು. ತರ್ಕವಾಗಿ ನೋಡಿದರೆ ಅದು ಗಟ್ಟಿಯಾದ ಮಾತೇ. ಆದರೆ ನಡುರಾತ್ರಿ ಸಂಬಳದ ಹಣವನ್ನು ರಮ್ಮಿಗೆ ಸುರಿದವನ ಮನೆಯವರಿಗೆ ಅವನು ಸೋತದ್ದು ಜಾಣ್ಮೆ ಸಾಲದೆಯೋ ಎಲೆ ಕೈಕೊಟ್ಟೋ ಎಂಬುದರಿಂದ ಏನೂ ವ್ಯತ್ಯಾಸವಾಗದು.

ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಈ ಹಳೆಯ ಗೆರೆಯನ್ನೇ ಅಳಿಸಿತು. ಜಾಣ್ಮೆಯೋ, ಅದೃಷ್ಟವೋ, ಎರಡೂ ಬೆರೆತದ್ದೋ, ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವ ಆನ್‌ಲೈನ್ ಆಟವನ್ನು ಒದಗಿಸುವುದು ಅಪರಾಧ. ಒದಗಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ಆಡಿದವನಿಗೆ ಶಿಕ್ಷೆಯಿಲ್ಲ. ರಾಷ್ಟ್ರಪತಿಯವರ ಅಂಕಿತ ಆಗಸ್ಟ್ 22ಕ್ಕೆ ಬಿತ್ತು; ಕೆಲವೇ ದಿನಗಳಲ್ಲಿ ದೊಡ್ಡ ಕಂಪನಿಗಳು ಹಣದ ಆಟ ನಿಲ್ಲಿಸಿದವು, ಭಾರತ ಕ್ರಿಕೆಟ್ ತಂಡದ ಜೆರ್ಸಿಯಿಂದ ಡ್ರೀಮ್ ಇಲೆವೆನ್ ಹೆಸರು ಹೋಯಿತು. ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಬೇರೆ ಮಾತು. ಜೂಜಿನ ಆ್ಯಪ್‌ಗೆ ಶಿಫಾರಸು ಬೇಕೇ ಎಂಬ ಪ್ರಶ್ನೆಯಂತೂ ಅಲ್ಲಿಗೆ ಮುಗಿಯಿತು.

ಆದರೆ ಕಾನೂನು ಮುಟ್ಟಿದ್ದು ಅರ್ಧ ಅಂಗಳವನ್ನು. ಇನ್ನರ್ಧದಲ್ಲಿ ಇರುವುದು ‘ಪುಕ್ಕಟೆ’ ಆಟಗಳು. ಇವುಗಳಲ್ಲಿ ಹಣ ಗೆಲ್ಲುವ ಆಸೆಯೇ ಇಲ್ಲ, ಹಾಗಾಗಿ ಕಾಯ್ದೆಯ ಕೈ ಅಲ್ಲಿಗೆ ಚಾಚುವುದಿಲ್ಲ. ಹಣ ಕಳೆಯುವ ಅವಕಾಶ ಮಾತ್ರ ಧಾರಾಳವಾಗಿದೆ.

ಕ್ಯಾಂಡಿ ಕ್ರಷ್ ಸಾಗಾ ನೋಡಿ. 2012ರಲ್ಲಿ ಬಂದ ಈ ಆಟದಲ್ಲಿ ಒಂದೇ ಬಣ್ಣದ ಮೂರು ಮಿಠಾಯಿ ಜೋಡಿಸಿದರೆ ಅವು ಸಿಡಿದು ಮಾಯವಾಗುತ್ತವೆ. ಆಟಗಾರನಿಗೆ ಐದು ಜೀವ. ಒಂದು ಹಂತದಲ್ಲಿ ಸೋತರೆ ಒಂದು ಜೀವ ಹೋಯಿತು. ಅದು ಮರಳಿ ಬರಲು ಅರ್ಧ ಗಂಟೆ ಕಾಯಬೇಕು. ಮೊದಲ ಕೆಲವು ಹಂತಗಳು ಹಸುಗೂಸೂ ದಾಟುವಂತಿರುತ್ತವೆ. ಆಮೇಲೆ ಒಂದು ಹಂತ ಬರುತ್ತದೆ. ಇನ್ನೊಂದೇ ನಡೆ ಇದ್ದಿದ್ದರೆ ಗೆಲ್ಲುತ್ತಿದ್ದೆ ಎಂಬಲ್ಲಿ ನಡೆ ಮುಗಿದಿರುತ್ತದೆ. ಆ ಕ್ಷಣಕ್ಕೇ ತೆರೆಯ ಮೇಲೆ ಐದು ಹೆಚ್ಚುವರಿ ನಡೆ ಕೊಡುವ ಗುಂಡಿ ಮೂಡುತ್ತದೆ. ಬೆಲೆ ಚಿನ್ನದ ಗಟ್ಟಿಗಳಲ್ಲಿ, ಗಟ್ಟಿಗಳ ಬೆಲೆ ರೂಪಾಯಿಯಲ್ಲಿ. ರೂಪಾಯಿಗೂ ನಡೆಗೂ ನಡುವೆ ಈ ಚಿನ್ನವನ್ನು ತಂದಿಟ್ಟದ್ದು ಸುಮ್ಮನೆ ಅಲ್ಲ: ಕೈಯಿಂದ ಹೋದದ್ದು ಎಷ್ಟೆಂದು ಲೆಕ್ಕ ಸಿಗಬಾರದು. ಜೀವಕ್ಕಾಗಿ ಕಾಯುವ ಅರ್ಧ ಗಂಟೆಯೂ ಹಾಗೆಯೇ, ಆಟದ ರುಚಿಗೆಂದು ಹಾಕಿದ್ದಲ್ಲ, ಅಸಹನೆಯನ್ನು ಮಾರುವುದಕ್ಕೆಂದು ಹಾಕಿದ್ದು.

ಬಹುಪಾಲು ಜನ ಇದಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ ಎಂಬುದೂ ನಿಜ. ಆಟ ತಯಾರಿಸಿದ ಕಿಂಗ್ ಕಂಪನಿ ಷೇರುಪೇಟೆಗೆ ಬರುವ ಮುನ್ನ ಕೊಟ್ಟ ಲೆಕ್ಕದಲ್ಲಿ, 2013ರ ಕೊನೆಯ ಹೊತ್ತಿಗೆ ಅದರ ಆಟಗಾರರಲ್ಲಿ ಹಣ ಕೊಡುತ್ತಿದ್ದವರು ನೂರಕ್ಕೆ ನಾಲ್ಕು ಮಂದಿ. ಅಷ್ಟು ಸಾಕಾಯಿತು. 2016ರಲ್ಲಿ ಆ ಕಂಪನಿ 590 ಕೋಟಿ ಡಾಲರ್‌ಗೆ ಮಾರಾಟವಾಯಿತು. ಅಂದರೆ ತಾಂಡ್ಯದ ಬಸ್ಸಿನಲ್ಲಿ ಪುಕ್ಕಟೆಯಾಗಿ ಆಡುವ ತೊಂಬತ್ತಾರು ಮಂದಿಯ ಖರ್ಚನ್ನು ಎಲ್ಲಿಯೋ ಕೂತ ನಾಲ್ವರು ಹೊರುತ್ತಿದ್ದಾರೆ, ಮತ್ತು ಆ ನಾಲ್ವರಲ್ಲಿ ಕೈ ಹಿಡಿತ ತಪ್ಪಿದವರೂ ಇರಬಹುದು. ಪುಕ್ಕಟೆ ಆಡುವವರು ತೆರುವುದು ಜಾಹೀರಾತಿನ ರೂಪದಲ್ಲಿ, ಸಮಯದ ರೂಪದಲ್ಲಿ, ತಮ್ಮ ಮಾಹಿತಿಯ ರೂಪದಲ್ಲಿ.

ಇದನ್ನೇ ಹುಡುಗರ ಆಟಕ್ಕೆ ಹೊಂದಿಸಿ ನೋಡಬಹುದು. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ಕೇಂದ್ರ ನಿಷೇಧಿಸಿತು. ಅದರ ಜಾಗಕ್ಕೆ 2021ರಲ್ಲಿ ಬಿಜಿಎಂಐ ಬಂತು. 2022ರ ಜುಲೈನಲ್ಲಿ ಅದೂ ಪ್ಲೇ ಸ್ಟೋರ್‌ನಿಂದ ಹೋಯಿತು. 2023ರ ಮೇ ತಿಂಗಳಲ್ಲಿ, ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯೊಂದಿಗೆ ಮರಳಿತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾಯಿತು, ಅದರ ಸುಧಾರಿತ ರೂಪವಾದ ಫ್ರೀ ಫೈರ್ ಮ್ಯಾಕ್ಸ್ ಉಳಿದುಕೊಂಡಿತು. ತಂದೆ ತಾಯಿಗೆ ಬಿಜಿಎಂಐ, ಫ್ರೀ ಫೈರ್ ಎರಡೂ ಒಂದೇ, ಢಂ ಢಂ ಎನ್ನುವ ಆಟ. ಆದರೆ ಒಳಗಿನ ವ್ಯವಹಾರದಲ್ಲಿ ವ್ಯತ್ಯಾಸವಿದೆ. ಬಿಜಿಎಂಐನಲ್ಲಿ ಯುಸಿ ಎಂಬ ಆಟದ ನಾಣ್ಯ ಕೊಟ್ಟು ಕೊಳ್ಳುವ ಬಟ್ಟೆ, ಬಂದೂಕಿನ ಬಣ್ಣ ಬಹುಮಟ್ಟಿಗೆ ಅಲಂಕಾರಕ್ಕೆ. ಕಾಸು ಹಾಕದವನೂ ಕೈಚಳಕ ಇದ್ದರೆ ಕಾಸು ಹಾಕಿದವನನ್ನು ಹೊಡೆಯಬಲ್ಲ. ಫ್ರೀ ಫೈರ್‌ನಲ್ಲಿ ಡೈಮಂಡ್ ಎಂಬ ಆಟದ ನಾಣ್ಯ ಕೊಟ್ಟು ಪಡೆಯುವ ಬಂದೂಕಿನ ಕೆಲವು ಸ್ಕಿನ್‌ಗಳು ಗುಂಡಿನ ಪೆಟ್ಟನ್ನೋ ವೇಗವನ್ನೋ ಹೆಚ್ಚಿಸುತ್ತವೆ. ‘ಡೈಮಂಡ್ ಹಾಕ್ಸು’ ಎಂದು ಹುಡುಗ ಅಪ್ಪನನ್ನು ಕಾಡುವುದಕ್ಕೆ ಇದು ಸಣ್ಣ ಕಾರಣವಲ್ಲ. ಹಿಂಸೆಯ ಬಗ್ಗೆ ತಕರಾರು ಇರುವವರು ಎರಡನ್ನೂ ಬೇಡವೆನ್ನಬಹುದು, ಅದು ಅವರ ಹಕ್ಕು. ಆದರೆ ಹೇಗೂ ಆಡುವ ಹದಿನೆಂಟು ತುಂಬಿದ ಹುಡುಗನಿಗೆ ಎರಡರಲ್ಲಿ ಯಾವುದು ನ್ಯಾಯವಾದ ಆಟ ಎಂದು ಹೇಳಬೇಕಾದರೆ, ಉತ್ತರ ಬಿಜಿಎಂಐ. ಇಂಥ ಉತ್ತರ ಕೊಡುವುದಕ್ಕೆ ಯಾರಾದರೂ ಕೂತು ಆಡಿ ನೋಡಿರಬೇಕು. ವಿಮರ್ಶಕನ ಕೆಲಸವೇ ಅದು.

ಬೆಲೆ ಕೊಟ್ಟು ತೆರೆಯುವ, ಒಳಗೇನಿದೆ ಎಂದು ಮೊದಲೇ ಗೊತ್ತಾಗದ ಪೆಟ್ಟಿಗೆಗಳ ಕತೆ ಇನ್ನೂ ಮೋಜಿನದು. ಅಂಥವು ಜೂಜೇ ಎಂದು ಬೆಲ್ಜಿಯಂ 2018ರಲ್ಲೇ ತೀರ್ಮಾನಿಸಿತು. ಫೋರ್ಟ್‌ನೈಟ್ ಆಟದ ಎಪಿಕ್ ಕಂಪನಿ, ಮಕ್ಕಳ ಮಾಹಿತಿ ಸಂಗ್ರಹಿಸಿದ್ದಕ್ಕೂ ದಾರಿ ತಪ್ಪಿಸುವ ಗುಂಡಿಗಳಿಂದ ಬೇಡದ ಖರೀದಿ ಮಾಡಿಸಿದ್ದಕ್ಕೂ ಸೇರಿ 52 ಕೋಟಿ ಡಾಲರ್ ತೆರಲು 2022ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಕೊಂಡಿತು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವುದನ್ನು ನಿಷೇಧಿಸಿದೆ. ಆದರೆ ಕೊಂಡುಕೊಳ್ಳಲು ಪುಸಲಾಯಿಸುವ ಆಟದ ಒಳಗಟ್ಟಿಗೆ ಅದರಲ್ಲೂ ಮದ್ದಿಲ್ಲ.

ಹಾಗಾದರೆ ಒಳ್ಳೆಯ ಆಟ ಎಂದರೆ ಯಾವುದು? ಅಳತೆಗೋಲಿಗಾಗಿ ದೂರ ಹೋಗಬೇಕಿಲ್ಲ. ಮೈಸೂರು ಸೀಮೆಯಲ್ಲಿ ಆಟವನ್ನು ವಿದ್ಯೆಯಂತೆ ಕಂಡ ದೊರೆಯೊಬ್ಬರಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಬರೆಸಿದ ‘ಶ್ರೀತತ್ತ್ವನಿಧಿ’ಯ ಒಂದು ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಲೆಗಳಲ್ಲಿ ಅವರು ರೂಪಿಸಿದ ಒಂದು ಆಟಕ್ಕೆ 360 ಎಲೆಗಳು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಬಾರಿ ಮುಟ್ಟಿ ಬರುವ ಒಗಟಿನಲ್ಲಿ ಅವರಿಗೆ ವಿಪರೀತ ಆಸಕ್ತಿ. ಇಂಗ್ಲಿಷರ ಆಳ್ವಿಕೆಯಲ್ಲಿ ಅಧಿಕಾರ ಕಳೆದುಕೊಂಡ ಅರಸ ಇನ್ನೇನು ಮಾಡಿಯಾನು ಎಂದು ಮೂಗು ಮುರಿಯುವವರೂ ಇದ್ದಾರು. ಆದರೂ ಆಟದ ನಿಯಮ ಬರೆಯುವುದು, ಅದನ್ನು ಹೋಲಿಸುವುದು, ಹೊಸದನ್ನು ಕಟ್ಟುವುದು ಗಂಭೀರ ಕೆಲಸವೆಂದು ಒಪ್ಪಿದ ಪರಂಪರೆ ಇಲ್ಲಿತ್ತು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನದ ಮೂಲಕ ಆ ಹಾಸು, ಕಾಯಿ, ದಾಳಗಳನ್ನು ಮತ್ತೆ ಜನರ ಮುಂದಿಟ್ಟಿದೆ.

ಅರಮನೆ ಬಿಡಿ, ಜಗಲಿಯ ಚೌಕಾಬಾರವನ್ನೇ ತೆಗೆದುಕೊಳ್ಳಿ. ಇದ್ದಿಲಿನಲ್ಲೋ ಸೀಮೆಸುಣ್ಣದಲ್ಲೋ ನೆಲದ ಮೇಲೆ ಗೆರೆ ಎಳೆದರೆ ಐದೈದರ ಇಪ್ಪತ್ತೈದು ಮನೆ. ನಾಲ್ಕು ಕವಡೆ, ಕವಡೆ ಇಲ್ಲದವರಿಗೆ ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ. ನಾಲ್ಕೂ ಬಾಯಿ ಮೇಲಾಗಿ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಗುಚಿ ಬಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಹಾಕುವ ಅವಕಾಶ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣು. ಎಲ್ಲ ಕಾಯಿಯೂ ಹಣ್ಣಾದವರು ಗೆದ್ದರು, ಆಟ ಮುಗಿಯಿತು, ಎದ್ದು ಹೋಗಿ ಒಲೆ ಹಚ್ಚಬಹುದು. ಅದೃಷ್ಟವೂ ಇದೆ, ಯಾವ ಕಾಯಿ ನಡೆಸಬೇಕೆಂಬ ಲೆಕ್ಕಾಚಾರವೂ ಇದೆ. ನಿಯಮ ಎಲ್ಲರಿಗೂ ಒಂದೇ, ಯಾವ ಕವಡೆಯೂ ಹೆಚ್ಚು ಕಾಸಿಗೆ ಹೆಚ್ಚು ಬಾರ ಹಾಕುವುದಿಲ್ಲ. ಮುಖ್ಯವಾಗಿ, ಆಡುವವರು ಇನ್ನೂ ಎರಡು ಗಂಟೆ ಕೂತರೆ ಲಾಭವಾಗುವ ಮೂರನೆಯವನು ಆ ಜಗಲಿಯಲ್ಲಿ ಇಲ್ಲ.

ಹಳೆಯದೆಲ್ಲ ಚೆಂದ ಎಂದು ಇದರ ಅರ್ಥವಲ್ಲ. ರಾಜ್ಯವನ್ನೂ ಹೆಂಡತಿಯನ್ನೂ ಪಣಕ್ಕೆ ಒಡ್ಡಿದ್ದು ಮಹಾಭಾರತದ ಪಗಡೆಯಲ್ಲೇ. ಯುಗಾದಿ ಬಂತೆಂದರೆ ಈ ಸೀಮೆಯ ಹಳ್ಳಿಗಳ ಅರಳಿಕಟ್ಟೆಯಲ್ಲಿ ಇಸ್ಪೀಟು ಎಲೆ ಕಲೆಸುವುದು, ಪೊಲೀಸರು ಬಂದರೆ ಪಂಚೆ ಎತ್ತಿ ಓಡುವುದು ಇಂದಿಗೂ ಇದೆ. ಅಲ್ಲಿಯೂ ಆಟವನ್ನು ಕೆಡಿಸಿದ್ದು ಎಲೆಯಲ್ಲ, ಮಧ್ಯೆ ಬಿದ್ದ ನೋಟು. ಎಲೆಯನ್ನೋ ಪರದೆಯನ್ನೋ ಬೈಯುವ ಬದಲು ನೋಟು ಎಲ್ಲಿ ಬೀಳುತ್ತಿದೆ ಎಂದು ನೋಡುವುದು ಲೇಸು.

ಆ ಕಣ್ಣಿನಿಂದ ನೋಡಿದರೆ ಶಿಫಾರಸು ಕಷ್ಟವಲ್ಲ. ಮೊದಲ ಹೆಸರು ಲೈಚೆಸ್. ಫ್ರಾನ್ಸ್‌ನಲ್ಲಿ 2010ರಲ್ಲಿ ಹುಟ್ಟಿದ ಈ ಚೆಸ್ ತಾಣ ಮತ್ತು ಆ್ಯಪ್ ಲಾಭಕ್ಕಾಗಿ ನಡೆಯುವುದಲ್ಲ. ದೇಣಿಗೆಯ ಮೇಲೆ ನಿಂತಿದೆ. ಒಂದೂ ಜಾಹೀರಾತಿಲ್ಲ, ಕಾಸು ಕೊಟ್ಟವರಿಗೆ ಬೇರೆ ಪಂಕ್ತಿ ಇಲ್ಲ. ದಿನಕ್ಕೆ ಎಷ್ಟು ಬೇಕಾದರೂ ಚೆಸ್ ಒಗಟು ಬಿಡಿಸಬಹುದು, ಆಡಿದ ಆಟದಲ್ಲಿ ಎಲ್ಲಿ ಎಡವಿದೆವು ಎಂದು ಕಂಪ್ಯೂಟರ್‌ನಿಂದ ತೋರಿಸಿಕೊಳ್ಳಬಹುದು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನ ಜೊತೆಯೇ ಆಡಬಹುದು. ರಾಜ್ಯದ ಮೊದಲ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ (2017) ಮೈಸೂರಿನವರು. 2019ರಲ್ಲಿ ಆ ಪಟ್ಟಕ್ಕೇರಿದ ಗಿರೀಶ್ ಕೌಶಿಕ್ ಕೂಡ ಮೈಸೂರಿನವರೇ. ತಿ. ನರಸೀಪುರದ ಸರ್ಕಾರಿ ಶಾಲೆಯ ಹುಡುಗಿಗೆ ಮೈಸೂರಿಗೆ ಹೋಗಿ ತರಬೇತಿ ಪಡೆಯುವಷ್ಟು ಅನುಕೂಲ ಇಲ್ಲದಿರಬಹುದು. ಆದರೆ ಗ್ರ್ಯಾಂಡ್‌ಮಾಸ್ಟರ್‌ಗಳು ಕೂಡ ಬಳಸುವ ಅಭ್ಯಾಸದ ಸಾಧನ ಅವಳ ಮನೆಯ ಏಳೆಂಟು ಸಾವಿರದ ಫೋನಿನಲ್ಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಫೋನಿನಿಂದ ಆದ ಉಪಕಾರಗಳಲ್ಲಿ ಇದು ದೊಡ್ಡದೆಂದೇ ಎಣಿಸಬೇಕು.

ಎರಡನೆಯದು, ಇಂಗ್ಲೆಂಡಿನ ಸೈಮನ್ ಟ್ಯಾಥಮ್ ಎಂಬ ಪ್ರೋಗ್ರಾಮರ್ ಕಟ್ಟಿದ ಒಗಟುಗಳ ಕಂತೆ. ಸುಡೋಕುವಿನಂಥ ಅಂಕಿಯಾಟದಿಂದ ಹಿಡಿದು ಗೆರೆ ಜೋಡಿಸುವ, ಗುಡಾರ ಹಾಕುವ ಒಗಟಿನವರೆಗೆ ಸುಮಾರು ನಲವತ್ತು ಬಗೆ. ನೋಡಲು ಒರಟು, ಸದ್ದಿಲ್ಲ, ಆಡಂಬರವಿಲ್ಲ. ಆದರೆ ಜಾಹೀರಾತಿಲ್ಲ, ಖರೀದಿಯಿಲ್ಲ, ಇಂಟರ್‌ನೆಟ್ ಬೇಕಿಲ್ಲ. ಮೈಸೂರು–ಚಾಮರಾಜನಗರ ರೈಲಿನಲ್ಲಿ ದಿನಾ ಓಡಾಡುವ, ಪತ್ರಿಕೆಯ ಪದಬಂಧ ಬಿಡಿಸುವ ಅಭ್ಯಾಸದವರಿಗೆ ಇದಕ್ಕಿಂತ ಒಳ್ಳೆಯ ಸಂಗಾತಿ ಸಿಗುವುದು ಕಷ್ಟ. 2048 ಎಂಬ ಅಂಕಿ ಕೂಡಿಸುವ ಆಟವೂ ಈ ಜಾತಿಯದೇ. ಇಟಲಿಯ ಗೇಬ್ರಿಯೆಲೆ ಚಿರುಲ್ಲಿ ಹತ್ತೊಂಬತ್ತನೇ ವಯಸ್ಸಿನಲ್ಲಿ, 2014ರ ಒಂದು ವಾರಾಂತ್ಯದಲ್ಲಿ ಅದನ್ನು ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟ. ಅದರ ಹೆಸರಿನಲ್ಲಿ ಜಾಹೀರಾತು ತುಂಬಿದ ನಕಲುಗಳು ಸ್ಟೋರ್ ತುಂಬ ಇವೆ, ಇಳಿಸಿಕೊಳ್ಳುವಾಗ ಎಚ್ಚರ ಬೇಕು.

ದುಡ್ಡು ಕೊಟ್ಟು ಕೊಳ್ಳುವ ಆಟಗಳಲ್ಲಿ ಮಾನ್ಯುಮೆಂಟ್ ವ್ಯಾಲಿ (2014) ಮೊದಲು ನೆನಪಾಗುತ್ತದೆ. ಮೇಲೆ ಹತ್ತಿದರೆ ಕೆಳಗೆ ತಲುಪುವಂಥ, ತಿರುಗಿಸಿದರೆ ಮಾತ್ರ ಸೇತುವೆಯಾಗುವಂಥ ಕಟ್ಟಡಗಳ ನಡುವೆ ಇಡಾ ಎಂಬ ಪುಟ್ಟ ರಾಜಕುಮಾರಿಯನ್ನು ನಡೆಸಬೇಕು. ಮಾತು ಕಡಿಮೆ, ಹಾಗಾಗಿ ಇಂಗ್ಲಿಷ್ ಬಾರದವರಿಗೂ ತೊಡಕಿಲ್ಲ. ಹತ್ತು ಅಧ್ಯಾಯಕ್ಕೆ ಮುಗಿದೇ ಹೋಗುತ್ತದೆ. ಫೋನಿನ ಆಟ ಮುಗಿಯುತ್ತದೆ ಎಂಬುದೇ ಈಗ ಅಪರೂಪದ ಗುಣ. ನ್ಯೂಜಿಲೆಂಡಿನವರು ಮಾಡಿದ ಮಿನಿ ಮೆಟ್ರೊ ಇನ್ನೊಂದು. ಬೆಳೆಯುತ್ತಲೇ ಇರುವ ಊರಿಗೆ ರೈಲು ಮಾರ್ಗ ಎಳೆಯುವ ಈ ಆಟ ಕೊನೆಗೆ ಸೋಲಿಸದೆ ಬಿಡುವುದಿಲ್ಲ, ಆದರೂ ಸೋಲು ನ್ಯಾಯವಾಗಿಯೇ ಬರುತ್ತದೆ.

ಟ್ಯಾಬ್ಲೆಟ್ ಇದ್ದವರಿಗೆ ಒಂದು ಮಾತು ಹೆಚ್ಚು. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆಂದು ತಂದು, ಈಗ ಬೀರುವಿನಲ್ಲಿ ಮಲಗಿರುವ ಟ್ಯಾಬ್ ಅನೇಕ ಮನೆಗಳಲ್ಲಿದೆ. ಫೋನು ಒಬ್ಬರ ಅಂಗೈಗೆ ಸೇರಿದ್ದು; ಟ್ಯಾಬನ್ನು ಚಾಪೆಯ ಮೇಲೆ ಮಲಗಿಸಿದರೆ ನಾಲ್ವರು ಸುತ್ತ ಕೂರುವ ಹಾಸಾಗುತ್ತದೆ. ಮುಂಬೈ ಕಡೆಯ ಗೇಮೆಷನ್ ಕಂಪನಿ 2016ರಲ್ಲಿ ಬಿಟ್ಟ ಲೂಡೋ ಕಿಂಗ್ ಲಾಕ್‌ಡೌನ್ ಹೊತ್ತಿನಲ್ಲಿ ಮನೆಮಾತಾದದ್ದು ಈ ಗುಣದಿಂದಲೇ. ಒಂದೇ ಸಾಧನದ ಮೇಲೆ ಮನೆಮಂದಿ ಸರದಿಯಂತೆ ಆಡಬಹುದು. ಜಾಹೀರಾತಿನ ಕಾಟ ಇದೆ. ಡೇಟಾ ಆಫ್ ಮಾಡಿ ಆಡಿದರೆ ಬಹುಪಾಲು ತಪ್ಪುತ್ತದೆ. ಚೌಕಾಬಾರದ ಆ್ಯಪ್‌ಗಳೂ ಉಂಟು. ಕವಡೆ ಉರುಳಿದ ಸದ್ದನ್ನು ಸ್ಪೀಕರ್‌ನಿಂದ ಕೇಳುವುದಕ್ಕಿಂತ ಅಜ್ಜಿಯ ಡಬ್ಬಿಯಿಂದ ಕವಡೆಯನ್ನೇ ತೆಗೆಯುವುದು ಮೇಲು. ಅಜ್ಜಿ ನಂಜನಗೂಡಿನಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ ಇದ್ದರೆ ಮಾತ್ರ ಆ್ಯಪ್‌ಗೆ ಅರ್ಥ.

ದುಡ್ಡು ಕೊಟ್ಟು ಆಟ ಕೊಳ್ಳುವವರು ಯಾರು ಎಂಬ ಆಕ್ಷೇಪ ಖಂಡಿತ ಬರುತ್ತದೆ. ಹಗುರವಾದ ಆಕ್ಷೇಪವಲ್ಲ. ಮಾನ್ಯುಮೆಂಟ್ ವ್ಯಾಲಿ ಮಾಡಿದವರೇ 2015ರಲ್ಲಿ ಹೇಳಿಕೊಂಡಂತೆ, ಆಂಡ್ರಾಯ್ಡ್ ಫೋನ್‌ಗಳಲ್ಲಿ ಕೂತ ಅವರ ಆಟದಲ್ಲಿ ಹಣ ಕೊಟ್ಟು ಪಡೆದದ್ದು ನೂರಕ್ಕೆ ಐದು, ಐಫೋನ್‌ಗಳಲ್ಲಿ ನಲವತ್ತು. ಒಬ್ಬರೇ ಹಲವು ಸಾಧನಗಳಲ್ಲಿ ಹಾಕಿಕೊಂಡ ಲೆಕ್ಕವನ್ನು ಕಳೆದರೂ ಅಂತರ ದೊಡ್ಡದೇ. ಅದರ ಫಲವನ್ನು ಆಲ್ಟೋಸ್ ಅಡ್ವೆಂಚರ್ ಎಂಬ ಸೊಗಸಾದ ಹಿಮಜಾರಾಟದಲ್ಲಿ ನೋಡಬಹುದು. ಐಫೋನ್‌ನಲ್ಲಿ ಅದು ಒಮ್ಮೆ ಬೆಲೆ ತೆತ್ತರೆ ಮುಗಿಯಿತು. 2016ರಲ್ಲಿ ಆಂಡ್ರಾಯ್ಡ್‌ಗೆ ಬಂದಾಗ ಪುಕ್ಕಟೆಯಾಗಿ, ಜಾಹೀರಾತಿನೊಂದಿಗೆ ಬಂತು. ಒಂದೇ ಆಟ, ಒಂದೇ ಬೆಟ್ಟ, ಒಂದೇ ಸಂಜೆ ಬೆಳಕು. ಹೆಚ್ಚು ಬೆಲೆಯ ಫೋನಿನವನಿಗೆ ನೆಮ್ಮದಿ, ಕಡಿಮೆ ಬೆಲೆಯ ಫೋನಿನವನಿಗೆ ಅಡಚಣೆ. ತಾಂಡ್ಯದ ಬಸ್ಸಿನಲ್ಲಿ ಇರುವುದು ಬಹುತೇಕ ಆಂಡ್ರಾಯ್ಡ್. ತಿಂಗಳ ಸಂಬಳದಲ್ಲಿ ಬಾಡಿಗೆ, ಚೀಟಿ, ಊರಿಗೆ ಕಳಿಸುವ ಹಣ ಕಳೆದು ಉಳಿದದ್ದರಲ್ಲಿ ಆಟ ಕೊಳ್ಳಿ ಎಂದು ಯಾರೂ ಉಪದೇಶ ಮಾಡಬಾರದು. ಅದಕ್ಕೇ ಮೇಲಿನ ಪಟ್ಟಿಯಲ್ಲಿ ನಿಜವಾಗಿ ಪುಕ್ಕಟೆಯಾದವುಗಳಿಗೆ ಮೊದಲ ಸ್ಥಾನ. ಆದರೆ ಒಂದು ಆಟಕ್ಕೆ ಒಮ್ಮೆ ಬೆಲೆ ಕೊಡುವುದನ್ನು ದುಂದು ಎನ್ನುವ ಮನೆಯಲ್ಲೇ ತಿಂಗಳಿಗೆ ಮೂರು ಸಲ ಡೈಮಂಡ್‌ಗೆ ಯುಪಿಐ ಹೋಗಿರುತ್ತದೆ. ಇವೆರಡನ್ನೂ ಒಂದೇ ಕಾಗದದ ಮೇಲೆ ಬರೆದು ಕೂಡಿಸಿ ನೋಡುವ ಅಭ್ಯಾಸ ಬರಬೇಕು.

ಇನ್ನೊಂದು ಆಕ್ಷೇಪ ಚಟದ್ದು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಆರೋಗ್ಯಕರ ಬಳಕೆಗೆಂದು ಷಟ್ ಎಂಬ ಕ್ಲಿನಿಕ್ ತೆರೆಯಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆ ಬಿಗಿಯಾಗಿದೆ: ಆಟದ ಮೇಲೆ ಹತೋಟಿ ತಪ್ಪಬೇಕು, ಊಟ, ಓದು, ಕೆಲಸಕ್ಕಿಂತ ಆಟವೇ ಮೇಲಾಗಬೇಕು, ತೊಂದರೆಯಾದರೂ ಬಿಡದಿರಬೇಕು, ಸಾಮಾನ್ಯವಾಗಿ ಇದೆಲ್ಲ ಕನಿಷ್ಠ ಒಂದು ವರ್ಷ ಕಾಣಬೇಕು. ಬಸ್ಸಿನಲ್ಲಿ ಅರ್ಧ ಗಂಟೆ ಆಡುವವನು ಇದಕ್ಕೆ ಸೇರುವುದಿಲ್ಲ. ಲಕ್ಷಣ ಕಂಡವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಚಟದ ಭಯವೇ ವಿಮರ್ಶೆ ಬೇಕೆನ್ನುವುದಕ್ಕೆ ಇನ್ನಷ್ಟು ಬಲವಾದ ಕಾರಣ. ಚೀನಾ 2021ರಲ್ಲಿ ಮಕ್ಕಳಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ರಾತ್ರಿ ಎಂಟರಿಂದ ಒಂಬತ್ತು ಮಾತ್ರ ಎಂದು ಗಂಟೆ ಕಟ್ಟಿತು. ಆ ಒಂದು ಗಂಟೆಯಲ್ಲಿ ಮಗು ಚದುರಂಗ ಆಡಿತೋ ಪೆಟ್ಟಿಗೆ ತೆರೆಯಿತೋ ಎಂಬುದು ಗಡಿಯಾರಕ್ಕೆ ಗೊತ್ತಾಗದು.

ತನ್ನ ಆಟದ ಯಶಸ್ಸನ್ನೇ ಕಂಡು ಹೆದರಿದವನೂ ಒಬ್ಬನಿದ್ದ. ವಿಯೆಟ್ನಾಂನ ಡಾಂಗ್ ನುಯೆನ್ 2013ರಲ್ಲಿ ಮಾಡಿದ ಫ್ಲ್ಯಾಪಿ ಬರ್ಡ್ ದಿನಕ್ಕೆ 50,000 ಡಾಲರ್ ಜಾಹೀರಾತು ಹಣ ತರುತ್ತಿದೆ ಎಂಬ ಸುದ್ದಿ ಹಬ್ಬಿದ್ದ ಹೊತ್ತಿನಲ್ಲೇ, 2014ರ ಫೆಬ್ರುವರಿಯಲ್ಲಿ ಆತ ಅದನ್ನು ಸ್ಟೋರ್‌ನಿಂದ ತೆಗೆದುಬಿಟ್ಟ. ಜನ ಅದಕ್ಕೆ ಅಂಟಿಕೊಂಡರು ಎಂಬುದೇ ಅವನು ಕೊಟ್ಟ ಕಾರಣ. ಎಲ್ಲರಿಂದ ಇದನ್ನು ನಿರೀಕ್ಷಿಸಲಾಗದು, ನಿರೀಕ್ಷಿಸುವುದು ದಡ್ಡತನ.

ಹಾಗಾಗಿ ಕೇಳಬೇಕಾದ್ದನ್ನು ಕೇಳಬೇಕಾದವರನ್ನೇ ಕೇಳಬೇಕು. ಆಟ ಇಳಿಸಿಕೊಳ್ಳುವ ಮುನ್ನ ಪ್ಲೇ ಸ್ಟೋರ್‌ನಲ್ಲಿ ಹೆಸರಿನ ಕೆಳಗೇ ಸಣ್ಣ ಅಕ್ಷರದಲ್ಲಿ ಎರಡು ಸಂಗತಿ ಬರೆದಿರುತ್ತದೆ: ಜಾಹೀರಾತು ಇದೆಯೇ, ಆಟದೊಳಗೆ ಖರೀದಿ ಇದೆಯೇ. ನಕ್ಷತ್ರ ನೋಡುವ ಮೊದಲು ಅದನ್ನು ನೋಡಿ. ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ. ಪತ್ರಿಕೆಗಳು ಸಿನಿಮಾ ಪುಟದ ಒಂದು ಮೂಲೆಯಲ್ಲಿ ವಾರಕ್ಕೊಂದು ಆಟದ ವಿಮರ್ಶೆ ಹಾಕಲಿ. ಕತೆ, ಚಿತ್ರದ ಜೊತೆಗೆ ಆಟದ ಆದಾಯ ಎಲ್ಲಿಂದ, ಮುಗಿಯುವುದು ಎಲ್ಲಿ, ಕನ್ನಡ ಇದೆಯೇ ಎಂಬ ಮೂರು ಸಾಲು ಕಡ್ಡಾಯವಾಗಿರಲಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಅನೇಕ ಕಡೆ ಕಂಪ್ಯೂಟರ್ ಬಂದಿದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಅರಿವು ಕೇಂದ್ರಗಳ ಮೇಲ್ವಿಚಾರಕರು ಆ ಯಂತ್ರಗಳಲ್ಲಿ ಲೈಚೆಸ್ ತೆರೆದಿಡಬಹುದು, ಪಕ್ಕದ ನೆಲದ ಮೇಲೆ ಬಣ್ಣದಲ್ಲಿ ಒಂದು ಚೌಕಾಬಾರದ ಮನೆ ಬರೆಸಬಹುದು. ಎರಡಕ್ಕೂ ಸೇರಿ ಬೀಳುವ ಖರ್ಚು ಒಂದು ಡಬ್ಬಿ ಬಣ್ಣದ್ದು.